ಹಡಗಿನಲ್ಲಿ ಬಂದ ಹೊಸ್ತಿಲು

ಹೇಳಿ ನೋಡೋಣ, ನಿಮ್ಮ ಮನೆಯ ಹೊಸ್ತಿಲು ಯಾವತ್ತಾದರೂ ಸಮುದ್ರ ದಾಟಿದೆಯೇ? ಇಲ್ಲ ತಾನೆ. ನಾನು ಈ ಸಲ ಅಮೆರಿಕದಲ್ಲಿ ನೋಡಿದ ಹೊಸ್ತಿಲು ದಾಟಿತ್ತು. ಆ ಹೊಸ್ತಿಲಿಗೆ ನಾನು ಮಾಡಬಾರದ ಒಂದು ಕೆಲಸವನ್ನೂ ಮಾಡಿದೆ. ನನ್ನ ಮಗಳು ಅದನ್ನು ಉಪ್ಪುಖಾರ ಹಾಕಿ ನೆಂಟರಿಗೆಲ್ಲ ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು. ಅದಕ್ಕೇ ಈ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ಕೂತಿದ್ದೇನೆ. ಕಲಿತು ಎರಡು ತಿಂಗಳಾಯಿತು. ತಪ್ಪಿದ್ದರೆ ಬೆರಳಿನದು, ಸುಳ್ಳಿದ್ದರೆ ಮಾತ್ರ ನನ್ನದು.

ಮೊದಲ ಶನಿವಾರ: ತರಗತಿಯಿಂದ ಹೊರಗೆ

ಮಗಳು ಶೈಲಾ ಇರುವುದು ಸ್ಯಾನ್ ರಮೋನ್‌ನಲ್ಲಿ. ವಾರವೆಲ್ಲ ಆಫೀಸು, ಶನಿವಾರ ಬೆಳಗ್ಗೆ ಮಾತ್ರ ಅಲ್ಲಿನ ನಮ್ಮವರ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ತರಗತಿ ನಡೆಯುವುದು ಬೆಟ್ಟದ ಮಗ್ಗುಲಿನ ಒಂದು ಸಣ್ಣ ಊರಿನಲ್ಲಿ, ಚರ್ಚಿನ ಹಿಂದಿನ ಹಾಲಿನಲ್ಲಿ. ಗೋಡೆಯ ಮೇಲೆ ಏಸುವಿನ ಪಟ, ಕೆಳಗೆ ನಮ್ಮ ಮಕ್ಕಳು ಕಾಗುಣಿತ ಒಪ್ಪಿಸುತ್ತಿದ್ದರು. ಏಸು ಬಹಳ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಿದ್ದ.

ನಾನು ಹಿಂದಿನ ಸಾಲಿನಲ್ಲಿ ಕೂತು ಮಕ್ಕಳಿಗೆ ಉತ್ತರ ಪಿಸುಗುಟ್ಟುತ್ತಿದ್ದೆ. ಎರಡು ಸಲ ಸಿಕ್ಕಿಬಿದ್ದೆ. ಮೂರನೆಯ ಸಲ ಟೀಚರು ನನ್ನನ್ನು ಹೊರಗೆ ಕಳಿಸಿದರು, ಹೆತ್ತ ತಾಯಿ ಎಂದೂ ನೋಡಲಿಲ್ಲ.

ಹೊರಗೆ ಬಂದವಳು ಚರ್ಚನ್ನು ಒಂದು ಸುತ್ತು ಹಾಕಿದೆ. ಪಕ್ಕದ ಗೋಡೆಗಳೆಲ್ಲ ಸಾಧಾರಣ ಗಾರೆಯವು, ಮೇಲೆ ಹೆಂಚು. ಮುಂದಕ್ಕೆ ಬಂದರೆ, ಅಮ್ಮಯ್ಯ, ಮುಂಗೋಡೆ ಬೇರೆಯೇ ಕಾಲದ್ದು. ಮೂರು ಮೊಳ ದಪ್ಪದ ಕಲ್ಲು. ಕೈಯಗಲದ ಕಿಟಕಿ. ನಡುವೆ ಬಾಗಿಲು, ಅದರ ಮೇಲೆ ಅರ್ಧಚಂದ್ರದಂಥ ದುಂಡು ಕಮಾನು, ಒಂದರೊಳಗೊಂದು ಬಳೆ ತೊಡಿಸಿದ ಹಾಗೆ ನಾಲ್ಕು ಸುತ್ತು. ಬಾಗಿಲಿನ ಎರಡೂ ಬದಿಗೆ ಕೆತ್ತನೆಯ ಪಟ್ಟಿ. ಅದರಲ್ಲಿ ಬಾಲವನ್ನು ತಾನೇ ಕಚ್ಚಿಕೊಂಡ ಪ್ರಾಣಿಗಳು, ಹಲ್ಲು ಕಿರಿಯುವ ಸಿಂಹ, ನಮ್ಮ ಯಾಳಿಯ ಚಿಕ್ಕಪ್ಪನ ಮಕ್ಕಳಂತೆ ಕಾಣುವ ಏನೇನೋ. ಮಿಕ್ಕ ಚರ್ಚೆಲ್ಲ ಈ ಮುಂಗೋಡೆಯ ಮೊಮ್ಮಕ್ಕಳಂತಿತ್ತು.

ಎದುರಿಗೊಂದು ಬೋರ್ಡು, ಇದು ಸಂರಕ್ಷಿತ ಸ್ಮಾರಕ ಎಂದು. ಹಾಸನದ ಹತ್ತಿರದ ನಮ್ಮೂರ ದೇವಸ್ಥಾನಕ್ಕೂ ಬೋರ್ಡಿದೆ, ನೀಲಿಯದು. ಅದು ಜೈಲು, ದಂಡ ಎಂದು ಶುರುವಾಗುತ್ತದೆ. ಇಲ್ಲಿನದು ದಯವಿಟ್ಟು ಎಂದು ಶುರುವಾಗುತ್ತದೆ. ಕೊನೆಯಲ್ಲಿ ಎರಡೂ ಹೇಳುವುದು ಒಂದೇ, ಮುಟ್ಟಬೇಡಿ.

ನಾನು ಕತ್ತು ಓರೆ ಮಾಡಿಕೊಂಡು ಒಂದು ಪ್ರಾಣಿಯನ್ನು ನೋಡುತ್ತಿದ್ದೆ. ಅದು ತಲೆಕೆಳಗಾಗಿತ್ತು. ಪಕ್ಕದ ಪ್ರಾಣಿಗಳೆಲ್ಲ ನೆಲದ ಮೇಲೆ ನಿಂತಿದ್ದರೆ ಇದೊಂದು ಮಾತ್ರ ಆಕಾಶದಲ್ಲಿ ಕಾಲೂರಿಕೊಂಡಿತ್ತು. ಹಿಂದಿನಿಂದ ಯಾರೋ ನಕ್ಕರು. ತಿರುಗಿದರೆ ಬಿಳಿ ಕೂದಲಿನ ಒಬ್ಬ ಮುದುಕಿ, ನನಗಿಂತ ಹತ್ತು ವರ್ಷ ದೊಡ್ಡವರು. ಕೊರಳಲ್ಲಿ ತಾಳಿಯ ಹಾಗೆ ಒಂದು ದಪ್ಪ ಬೀಗದ ಕೈ. ಡಾರತಿ ಎಂದು ಹೆಸರು. ಆ ಬಾಗಿಲಿನ ಬೀಗದ ಕೈ ಮೂವತ್ತು ವರ್ಷದಿಂದ ಅವರ ಹತ್ತಿರವೇ ಇದೆಯಂತೆ. ತಲೆಕೆಳಗಾದ ಪ್ರಾಣಿಯ ಸಂಗತಿಯನ್ನು ಅವರು ಯಾರಿಗೂ ಹೇಳುವುದಿಲ್ಲವಂತೆ. ತಾವಾಗಿ ಕಂಡುಹಿಡಿದವರನ್ನು ಮಾತ್ರ ಒಳಗೆ ಕರೆದು ಎಲ್ಲವನ್ನೂ ನಿಧಾನವಾಗಿ ತೋರಿಸುತ್ತಾರಂತೆ.

ನನ್ನದು ಅಂಚೆ ಕಚೇರಿಯ ಇಂಗ್ಲಿಷು. ಕೌಂಟರಿನಲ್ಲಿ ಕೂತು ಕಲಿತದ್ದು, ವಾಕ್ಯ ಚಿಕ್ಕವು, ದನಿ ದೊಡ್ಡದು. ಡಾರತಿಗೆ ಕಿವಿ ಸ್ವಲ್ಪ ಮಂದವಾದ್ದರಿಂದ ನಮ್ಮಿಬ್ಬರಿಗೂ ಹೊಂದಿಕೆಯಾಯಿತು. ಇಲ್ಲಿ ಅವರ ಮಾತನ್ನೆಲ್ಲ ನಮ್ಮ ಮಾತಿಗೆ ಹಾಕಿ ಬರೆಯುತ್ತಿದ್ದೇನೆ.

ಎರಡನೆಯ ಶನಿವಾರ: ಒಳಗೆ

ಈ ಗೋಡೆ ಸ್ಪೇನ್ ದೇಶದ ಒಂದು ಬೆಟ್ಟದ ಹಳ್ಳಿಯ ಚರ್ಚಿನದು. ಎಂಟುನೂರು ವರ್ಷ ಹಳೆಯದು. ಹಳ್ಳಿಯ ಜನ ಕೆಲಸ ಹುಡುಕಿಕೊಂಡು ಕೆಳಗಿಳಿದು ಹೋದರು, ಚರ್ಚು ಕುರಿಗಳ ಪಾಲಾಯಿತು. ಆಮೇಲೆ ಇಲ್ಲಿನ ಒಬ್ಬ ಸಾಹುಕಾರ ಬಾಗಿಲು, ಹೊಸ್ತಿಲು, ಮುಂಗೋಡೆ, ಕಂಬ ಕೊಂಡು, ಬಿಚ್ಚಿಸಿ, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಹಡಗಿಗೆ ಹಾಕಿಸಿದ. ಒಳಗೋಡೆಯ ಕಲ್ಲುಗಳ ಮೇಲೆ ಇನ್ನೂ ಮಸುಕಾಗಿ ನಂಬರುಗಳಿವೆ. ಯಾರೋ ಒಬ್ಬ ಮೇಸ್ತ್ರಿ ನಂಬರು ನೋಡಿದ, ಮೇಲೆ ಯಾವುದು ಕೆಳಗೆ ಯಾವುದು ನೋಡಲಿಲ್ಲ. ಆ ಪ್ರಾಣಿಗೆ ಶೀರ್ಷಾಸನ.

ನನಗೆ ಇದೇನೂ ಹೊಸದಲ್ಲ. ನಮ್ಮೂರ ದೇವಸ್ಥಾನದ ಮುಖಮಂಟಪ ಕುಸಿದಾಗ ಪುರಾತತ್ವ ಇಲಾಖೆಯವರು ಬಂದು ಹೀಗೆಯೇ ಕಲ್ಲು ಬಿಚ್ಚಿ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಮತ್ತೆ ಜೋಡಿಸಿದಾಗ ಹಂಸಗಳ ಸಾಲಿನಲ್ಲಿ ಒಂದು ಹಂಸ ಹಿಂದು ಮುಂದಾಗಿತ್ತು. ಎಂಜಿನಿಯರು ಇಲ್ಲವೆಂದು ವಾದಿಸಿದ. ದಿನಾ ಅದರೆದುರು ರಂಗೋಲಿ ಹಾಕುತ್ತಿದ್ದ ಹೆಂಗಸರು ನಾವು, ನಮಗೆ ಗೊತ್ತಾಗದೇ? ಡಾರತಿಗೆ ಇದನ್ನು ಹೇಳಿದಾಗ ಅವರು ನನ್ನ ಕೈಯನ್ನೇ ಹಿಡಿದುಕೊಂಡರು.

ಚಪ್ಪಲಿ ಬಾಗಿಲಲ್ಲಿ ಬಿಟ್ಟೆ, ಹೊಸ್ತಿಲು ದಾಟಿದೆ, ಒಳಗೆ ಹೋದೆ. ತಣ್ಣಗಿನ ಕಲ್ಲು, ಮೇಣದ ವಾಸನೆ. ಹೊರಗೆ ಬಂದು ನೋಡಿದರೆ ನನ್ನ ಚಪ್ಪಲಿಯ ಪಕ್ಕ ನಾಲ್ಕು ಜೊತೆ ಶೂಗಳು. ನೋಡಲು ಬಂದ ಒಂದು ಸಂಸಾರ ನನ್ನ ಚಪ್ಪಲಿಯನ್ನು ಕಂಡು ಇದೇ ಇಲ್ಲಿನ ನಿಯಮವೆಂದು ತಿಳಿದಿತ್ತು. ಕಾಲುಚೀಲದಲ್ಲಿ ಮೆಲ್ಲಗೆ ಹೆಜ್ಜೆಯಿಡುತ್ತಿದ್ದ ಅವರಿಗೆ ಡಾರತಿ ನಿಜ ಹೇಳಲು ಹೋದರು, ನಾನು ಕಣ್ಣು ಮಿಟುಕಿಸಿ ತಡೆದೆ.

ಆವತ್ತೇ ಅವರು ತಮ್ಮ ಕಷ್ಟ ಹೇಳಿಕೊಂಡದ್ದು. ಚರ್ಚಿನ ಕಮಿಟಿ ಆ ಬಾಗಿಲನ್ನು ಮುಚ್ಚಿ ಮುಂದೆ ಗಾಜು ಹಾಕಬೇಕೆಂದು ಹೊರಟಿದೆ. ಹೊಸ್ತಿಲಿನ ಸುಣ್ಣಕಲ್ಲು ಜನರ ಕಾಲಿಗೆ ಸವೆದು ನಡುವೆ ಬೋಗುಣಿಯಂತೆ ತಗ್ಗಾಗಿದೆ, ಹೀಗೇ ಬಿಟ್ಟರೆ ಒಂದು ದಿನ ಸೀಳುತ್ತದೆ. ಇನ್ನು ಮುಂದೆ ಎಲ್ಲರೂ ಪಕ್ಕದ ಬಾಗಿಲಿಂದಲೇ ಬರಲಿ ಎನ್ನುತ್ತಾರೆ. ಇನ್ನು ಹದಿನೈದು ದಿನಕ್ಕೆ ಕಲ್ಲಿನ ತಜ್ಞರೊಬ್ಬರು ಬಂದು ನೋಡುತ್ತಾರೆ, ಅವರು ಬರೆದದ್ದೇ ಕೊನೆಯ ಮಾತು.

ಹಾಕಿದರೆ ಹಾಕಲಿ ಬಿಡಿ, ಕಲ್ಲು ಉಳಿಯುತ್ತದಲ್ಲ ಎಂದೆ. ಡಾರತಿ ಬಾಗಿಲ ಕಡೆ ಕೈ ತೋರಿಸಿದರು.

"ಮದುವೆ ದಿನ ಈ ಬಾಗಿಲಿಂದ ಒಳಗೆ ಬಂದೆ. ನಾಲ್ಕು ವರ್ಷದ ಹಿಂದೆ ನನ್ನ ಗಂಡನ್ನ ಇದೇ ಬಾಗಿಲಿಂದ ಆಚೆ ಹೊತ್ಕೊಂಡು ಹೋದ್ರು. ನಾನೂ ಇದೇ ಬಾಗಿಲಿಂದ ಹೋಗ್ಬೇಕು ಸರೋಜಾ. ಪಕ್ಕದ ಬಾಗಿಲ ಹತ್ರ ಕಸದ ಡಬ್ಬ ಇಡ್ತಾರೆ."

ನಾನು ಹೋಗಿ ನೋಡಿ ಬಂದೆ. ಡಬ್ಬ ಇತ್ತು.

ಮೂರನೆಯ ಶನಿವಾರ: ನನ್ನ ಘನಕಾರ್ಯ

ಅದು ಶ್ರಾವಣ ಶನಿವಾರ. ಬೆಳಗ್ಗೆ ಶೈಲಾಳ ಮನೆಯ ಹೊಸ್ತಿಲಿಗೆ ಅರಿಶಿನ ಹಚ್ಚಲು ಹೋಗಿ ಬೈಸಿಕೊಂಡಿದ್ದೆ. ಅದು ಹೊಸ್ತಿಲೇ ಅಲ್ಲ, ತಗಡಿನ ಪಟ್ಟಿ, ಅದರ ಕೆಳಗೆ ರಬ್ಬರು. ಬ್ಯಾಗಿನಲ್ಲಿ ಅರಿಶಿನದ ಡಬ್ಬಿ ಹಾಗೇ ಉಳಿದಿತ್ತು. ಕುಂಕುಮದ ಡಬ್ಬಿ ಹಿಂದಿನ ವಾರ ಕಾರಿನ ಸೀಟಿನ ಮೇಲೆ ಚೆಲ್ಲಿದ್ದರಿಂದ ಶೈಲಾ ಅದನ್ನು ವಶಪಡಿಸಿಕೊಂಡಿದ್ದಳು. ದೇವರು ದೊಡ್ಡವನು ಎಂದು ಆಮೇಲೆ ಅಂದುಕೊಂಡೆ.

ಡಾರತಿ ನನಗಾಗಿ ಬಾಗಿಲು ತೆಗೆದು, ಮೇಣದಬತ್ತಿ ತರಲು ಒಳಗೆ ಹೋದರು. ನಾನು ಹೊಸ್ತಿಲ ಮುಂದೆ ಕೂತೆ. ಎಂಟುನೂರು ವರ್ಷ, ಲಕ್ಷಾಂತರ ಕಾಲು, ಒಂದು ಸಮುದ್ರ, ಈಗ ತಲೆಯ ಮೇಲೆ ಗಾಜಿನ ಕತ್ತಿ. ಯಾರೂ ಒಂದು ಚಿಟಿಕೆ ಅರಿಶಿನ ಕಾಣಿಸಿಲ್ಲ. ದೇವರು ಯಾರವನಾದರೇನು, ಹೊಸ್ತಿಲು ಹೊಸ್ತಿಲೇ. ಬಾಟಲಿಯ ನೀರಿನಲ್ಲಿ ಒಂದು ಚಮಚದಷ್ಟು ಅರಿಶಿನ ಕಲಸಿ ಈ ತುದಿಯಿಂದ ಆ ತುದಿಗೆ ಚೆನ್ನಾಗಿ ಸಾರಿಸಿದೆ. ಸುಣ್ಣಕಲ್ಲಿನ ಮೇಲೆ ಅದು ಎಷ್ಟು ಲಕ್ಷಣವಾಗಿ ಕಂಡಿತು ಅಂತೀರಿ. ನಮ್ಮೂರ ಬಳಪದ ಕಲ್ಲಿಗೂ ಅಷ್ಟು ಚಂದ ಕೂರುವುದಿಲ್ಲ.

ಡಾರತಿ ಬಂದು ನೋಡಿದರು. ಕೂಗಲಿಲ್ಲ. ಆ ದೇಶದ ಮುದುಕಿಯರು ಕೂಗುವುದಿಲ್ಲ, ಬೆಳ್ಳಗಾಗುತ್ತಾರೆ. ಓಡಿಹೋಗಿ ಬಕೆಟ್ಟು, ಬ್ರಷ್ಷು ತಂದರು. ನಾನು ಬೇಡ ಬೇಡ ಎನ್ನುವುದರೊಳಗೆ ಸೋಪು ನೀರು ಸುರಿದೇಬಿಟ್ಟರು. ಬಿಳಿ ಪಂಚೆಯ ಅರಿಶಿನ ಕಲೆಗೆ ಸೋಪು ಹಾಕಿದವರಿಗೆ ಮುಂದಿನದು ಗೊತ್ತು. ಹೊಸ್ತಿಲು ಕೆಂಪಾಯಿತು. ಸಾಧಾರಣ ಕೆಂಪಲ್ಲ, ಅಲ್ಲೇ ಕೋಳಿ ಕುಯ್ದ ಹಾಗೆ.

ಅಷ್ಟರಲ್ಲಿ ತರಗತಿ ಮುಗಿಸಿ ಶೈಲಾ ಬಂದಳು. ಬಕೆಟ್ಟು ನೋಡಿದಳು, ಹೊಸ್ತಿಲು ನೋಡಿದಳು, ನನ್ನ ಹಳದಿ ಅಂಗೈ ನೋಡಿದಳು.

"ಯಾಕಮ್ಮ ಹಿಂಗೆ ಮಾಡ್ದೆ? ಇದು ಪ್ರೊಟೆಕ್ಟೆಡ್ ಸೈಟು ಕಣಮ್ಮ."

"ಹೊಸ್ತಿಲು ಬೋಳು ಬೋಳಾಗಿತ್ತು ಕಣೇ. ನೋಡಕ್ಕಾಗ್ಲಿಲ್ಲ."

"ನಮ್ಮೂರಲ್ಲೂ ಬೋರ್ಡ್ ಹಾಕಿದಾರಲ್ಲ, ಅಲ್ಲಿ ಹಿಂಗೇ ಮಾಡ್ತೀಯಾ?"

ಮಾಡುತ್ತೇವೆ. ಕಾವಲಿನ ರಂಗಣ್ಣ ನಾವು ಬಂದರೆ ಬೀಡಿ ಹಚ್ಚುವ ನೆಪದಲ್ಲಿ ಆ ಕಡೆ ತಿರುಗುತ್ತಾನೆ. ಅದನ್ನು ಆಗ ಬಾಯಿ ಬಿಟ್ಟು ಹೇಳಲಿಲ್ಲ.

ಬರಿ ನೀರಿನಲ್ಲಿ ಹತ್ತು ಸಲ ತೊಳೆದ ಮೇಲೆ ಕೆಂಪು ಇಳಿದು ಮತ್ತೆ ಹಳದಿಗೆ ಬಂತು. ನಿಂಬೆಹಣ್ಣು ಹಿಂಡೋಣ ಎಂದೆ. ಹುಳಿ ತಾಗಿದರೆ ಸುಣ್ಣಕಲ್ಲು ಕರಗುತ್ತದೆ ಎಂದು ಡಾರತಿ ನನ್ನ ಬ್ಯಾಗನ್ನೇ ಕಿತ್ತುಕೊಂಡರು. ಇನ್ನು ಏಳು ದಿನಕ್ಕೆ ತಜ್ಞರು ಬರುವವರು. ಈ ಕಲೆ ಕಂಡರೆ, ನೋಡಿ, ಬಾಗಿಲು ತೆರೆದಿಟ್ಟರೆ ಇದೇ ಗತಿ ಎಂದು ಕಮಿಟಿ ಮಾರನೆಯ ದಿನವೇ ಗಾಜು ಹಾಕಿಸುತ್ತದೆ. ಡಾರತಿ ಕೊರಳಿನ ಬೀಗದ ಕೈ ಹಿಡಿದುಕೊಂಡು ನಿಂತಿದ್ದರು.

ಆದರೂ ನನಗೆ ಒಂದು ಧೈರ್ಯವಿತ್ತು. ಅರಿಶಿನ ಯಾರಿಗೂ ಬಗ್ಗುವುದಿಲ್ಲ, ಬಿಸಿಲಿಗೆ ಮಾತ್ರ ಬಗ್ಗುತ್ತದೆ. ಹಾಗೆಂದು ಹೇಳಿದೆ. ಡಾರತಿ ಆಕಾಶ ನೋಡಿದರು, ಬಾಗಿಲು ನೋಡಿದರು. ಅದು ಉತ್ತರದ ಬಾಗಿಲು. ಬಿಸಿಲು ಅಂಗಳದವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ.

ಭಾನುವಾರದಿಂದ ಶುಕ್ರವಾರ: ಅಂಗಳದಲ್ಲಿ ಕನ್ನಡಿ ಹಿಡಿದು

ಭಾನುವಾರ ಪ್ರಾರ್ಥನೆಗೆ ಜನ ಬಂದಾಗ ಡಾರತಿ ಹೊಸ್ತಿಲ ಮೇಲೆ ಒಂದು ಕಾಲೊರಸು ಹಾಸಿ, ಅದರ ಮೇಲೆ ತಾವೇ ನಿಂತು ಎಲ್ಲರನ್ನೂ ಪಕ್ಕದ ಬಾಗಿಲಿಗೆ ಕಳಿಸಿದರಂತೆ. ಪಕ್ಕದ ಬಾಗಿಲು ಬೇಡವೆಂದು ಹಟ ಹಿಡಿದಿದ್ದವರೇ ಹೀಗೆ ಮಾಡಿದ್ದನ್ನು ನೋಡಿ ಜನಕ್ಕೆ ಆಶ್ಚರ್ಯ.

ಸೋಮವಾರದಿಂದ ಅವರೇ ಕಾರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗತೊಡಗಿದರು. ಎಂಬತ್ತು ದಾಟಿದವರು ಫ್ರೀವೇಯಲ್ಲಿ ಕಾರು ಓಡಿಸುತ್ತಾರೆ, ನಾನು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಸಹಸ್ರನಾಮ ಹೇಳುತ್ತೇನೆ. ಅವರು ಮಲಗುವ ಕೋಣೆಯ ನಿಲುವುಗನ್ನಡಿ ತಂದಿದ್ದರು. ನಾನು ಶೈಲಾಳ ಅತಿ ದೊಡ್ಡ ಸ್ಟೀಲ್ ತಟ್ಟೆ ತಂದಿದ್ದೆ. ಅಂಗಳದ ಬಿಸಿಲಿನಲ್ಲಿ ಎರಡು ಮಡಚು ಕುರ್ಚಿ ಹಾಕಿಕೊಂಡು, ಬಿಸಿಲನ್ನು ಹಿಡಿದು ಹೊಸ್ತಿಲಿನ ಮೇಲೆ ಬೀಳಿಸುತ್ತ ಕೂತೆವು. ಸೂರ್ಯ ಜರುಗಿದಂತೆ ನಾವೂ ಕುರ್ಚಿ ಜರುಗಿಸಬೇಕು. ಕೈ ನೋಯುತ್ತದೆ. ಹಾದುಹೋಗುವವರೆಲ್ಲ ಕೈ ಬೀಸುತ್ತಾರೆ, ನನ್ನ ಸೀರೆ ಚೆನ್ನಾಗಿದೆ ಎನ್ನುತ್ತಾರೆ, ನಾಯಿಯ ಹೆಸರು ಹೇಳುತ್ತಾರೆ. ಇಬ್ಬರು ಮುದುಕಿಯರು ಕನ್ನಡಿ, ತಟ್ಟೆ ಹಿಡಿದು ಚರ್ಚಿನ ಬಾಗಿಲಿಗೆ ಏನು ಮಾಡುತ್ತಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ನಮ್ಮೂರಾಗಿದ್ದರೆ ಹತ್ತು ನಿಮಿಷದಲ್ಲಿ ನೂರು ಜನ ಸೇರಿ, ತಟ್ಟೆ ಹಿಡಿಯುವ ಸರಿಯಾದ ರೀತಿ ನನಗೇ ಕಲಿಸುತ್ತಿದ್ದರು.

ಮಂಗಳವಾರ ಊಟಕ್ಕೆ ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ಡಾರತಿ ಡಬ್ಬಿಯ ಮುಚ್ಚಳ ತೆಗೆದು ಬಣ್ಣ ನೋಡಿದರು. ಎದ್ದು, ನನ್ನ ಕುರ್ಚಿಯನ್ನು ಬಾಗಿಲಿಂದ ಇನ್ನೂ ಹತ್ತು ಹೆಜ್ಜೆ ಹಿಂದಕ್ಕೆ ಎಳೆದಿಟ್ಟರು. ಆಮೇಲೆ ಎರಡು ಸಲ ಬಡಿಸಿಕೊಂಡು ತಿಂದರು.

ಬುಧವಾರ ಹಳದಿ ಮಾಸಿತು. ಗುರುವಾರ ಹುಡುಕಿ ನೋಡಬೇಕು ಎನ್ನುವಷ್ಟಾಯಿತು. ಶುಕ್ರವಾರ ಸಂಜೆ ಉಳಿ ಗುರುತಿನ ಗೆರೆಗಳಲ್ಲಿ ಮಾತ್ರ ಎಳೆಯಷ್ಟು ಉಳಿದಿತ್ತು. ಇನ್ನು ಯಾರಿಗೂ ಕಾಣುವುದಿಲ್ಲ, ನೀವು ಬಾಯಿ ಬಿಡಬೇಡಿ ಎಂದು ಡಾರತಿ ನನ್ನಿಂದ ಮಾತು ತೆಗೆದುಕೊಂಡರು. ನಾನೂ ಸಂತೋಷವಾಗಿ ಕೊಟ್ಟೆ.

ನಾಲ್ಕನೆಯ ಶನಿವಾರ: ತಜ್ಞರು

ಹೆಸರು ಪೀಟರ್. ಗಡ್ಡ, ಮೊಣಕಾಲಿಗೆ ಕಟ್ಟಿದ ದಿಂಬು, ಕೈಯಲ್ಲಿ ಭೂತಗನ್ನಡಿ. ನಾನು ಇಲಾಖೆಯ ಸಾಹೇಬರ ಹಾಗೆ ಜೀಪಿನಲ್ಲಿ ಬಂದು ನಿಂತೇ ನೋಡಿ ಹೋಗುತ್ತಾರೆ ಎಂದುಕೊಂಡಿದ್ದೆ. ಇವರು ಹೊಸ್ತಿಲಿನ ಮುಂದೆ ಸಾಷ್ಟಾಂಗ ಮಲಗಿಬಿಟ್ಟರು. ಅರ್ಧ ಗಂಟೆ ಎದ್ದೇಳಲಿಲ್ಲ. ನಾವಿಬ್ಬರೂ ತಪ್ಪು ಮಾಡಿದ ಹುಡುಗಿಯರ ಹಾಗೆ ಗೋಡೆಗೆ ಒರಗಿ ನಿಂತಿದ್ದೆವು. ತರಗತಿಗೆ ಬಿಡುವು ಕೊಟ್ಟು ಶೈಲಾಳೂ ಬಂದು ನನ್ನ ಪಕ್ಕ ನಿಂತಿದ್ದಳು.

ಕೊನೆಗೆ ಅವರು ಎದ್ದು ಕೂತು, ಕಲ್ಲಿನ ಗೀರುಗಳಲ್ಲಿ ಏನೋ ಹಳದಿ ಕಾಣುತ್ತಿದೆ ಎಂದರು. ಪಾಚಿಯಂಥ ಕಲ್ಲುಹೂವು ಹತ್ತಲು ಶುರುವಾಗಿರಬೇಕು. ಜನರ ಕಾಲಿನ ತೇವ ಅದಕ್ಕೆ ಕಾರಣ. ಹಾಗಿದ್ದರೆ ಔಷಧಿ ಹಾಕಬೇಕು, ಬಾಗಿಲು ಮುಚ್ಚಲೇಬೇಕು, ಬೇರೆ ದಾರಿಯಿಲ್ಲ. ಹೇಳುತ್ತ ಹೇಳುತ್ತಲೇ ಬರೆದುಕೊಳ್ಳತೊಡಗಿದರು.

ಡಾರತಿ ನನ್ನನ್ನು ನೋಡಲಿಲ್ಲ. ಮಾತು ಕೊಟ್ಟದ್ದು ಅವರಿಗೆ, ಬಾಯಿ ನನ್ನದು. ಹೇಳಿದರೆ ಕಲೆ ಮಾಡಿದವಳನ್ನು ಒಳಗೆ ಬಿಟ್ಟದ್ದಕ್ಕೆ ಬೀಗದ ಕೈ ಹೋಗಬಹುದು. ಹೇಳದಿದ್ದರೆ ಇಲ್ಲದ ರೋಗಕ್ಕೆ ಔಷಧಿ ಕುಡಿಸಿ ಬಾಗಿಲನ್ನೇ ಮುಚ್ಚುತ್ತಾರೆ. ನಾನು ಮುಂದೆ ಹೋಗಿ, ಅದು ಕಲ್ಲುಹೂವಲ್ಲ, ನಾನು ಎಂದೆ.

ಅವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಏನು ಹಚ್ಚಿದಿರಿ, ಎಷ್ಟು, ಯಾವ ನೀರು, ಎಷ್ಟು ಹೊತ್ತಾದ ಮೇಲೆ ತೊಳೆದದ್ದು ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಸೋಪಿನ ಕಥೆ ಬಂದಾಗ ಡಾರತಿ ತಾವೇ ಒಪ್ಪಿಕೊಂಡರು. ಕನ್ನಡಿಯ ಕಥೆ ಬಂದಾಗ ಪೀಟರ್ ಬರೆಯುವುದನ್ನು ನಿಲ್ಲಿಸಿ ಅಂಗಳದ ಕುರ್ಚಿಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಇದನ್ನು ಯಾಕೆ ಹಚ್ಚಿದಿರಿ ಎಂದು ಕೇಳಿದರು.

ಅಂಚೆ ಕಚೇರಿಯ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಕನ್ನಡದಲ್ಲೇ ಹೇಳಿದೆ, ಶೈಲಾ ದಾಟಿಸಿದಳು.

"ನಮ್ಮಲ್ಲಿ ಹೊಸ್ತಿಲನ್ನ ಯಾರೂ ಮೆಟ್ಟಲ್ಲಪ್ಪ. ಮಕ್ಕಳು ಮೆಟ್ಟಿದ್ರೆ ತಲೆಗೊಂದು ಮೊಟಕ್ತೀವಿ. ಕಾಲೆತ್ತಿ ದಾಟ್ತೀವಿ. ಇದು ನೋಡಿದ್ರೆ ಎಂಟುನೂರು ವರ್ಷ ಮೆಟ್ಟಿಸ್ಕೊಂಡು ಮೆಟ್ಟಿಸ್ಕೊಂಡು ಗುಳಿ ಬಿದ್ದೈತೆ. ಪಾಪ ಅನ್ನಿಸ್ತು, ಅದಕ್ಕೆ ಹಚ್ಚಿದೆ."

ಪೀಟರ್ ಅದನ್ನು ಇನ್ನೊಮ್ಮೆ ಹೇಳಿಸಿದರು. ನಿಜವಾಗಿಯೂ ಯಾರೂ ಮೆಟ್ಟುವುದಿಲ್ಲವೇ? ನಿಮ್ಮ ಊರಿನ ಆ ಹಳೆಯ ದೇವಸ್ಥಾನದಲ್ಲಿ ಹೊಸ್ತಿಲು ಹೇಗಿದೆ? ನಾನು ಯೋಚಿಸಿದೆ. ಒಳಗಿನ ನೆಲ ಕನ್ನಡಿಯ ಹಾಗೆ ಸವೆದಿದೆ. ಮೆಟ್ಟಿಲುಗಳು ಸವೆದಿವೆ. ಹೊಸ್ತಿಲಿನ ಅಂಚು ಮಾತ್ರ ಇವತ್ತಿಗೂ ಚೂಪಾಗಿದೆ. ಇಷ್ಟು ವರ್ಷ ದಿನವೂ ಕೈಯಾರೆ ಸಾರಿಸಿದವಳಿಗೆ ಅದು ಆ ಕ್ಷಣದವರೆಗೆ ಹೊಳೆದಿರಲಿಲ್ಲ.

ನನ್ನನ್ನು ಒಮ್ಮೆ ದಾಟಿ ತೋರಿಸಿ ಎಂದರು. ಸೀರೆಯ ನೆರಿಗೆ ಹಿಡಿದು, ಬಲಗಾಲು ಎತ್ತಿ ದಾಟಿದೆ. ಮತ್ತೆ ಈಚೆಗೆ ಬನ್ನಿ ಎಂದರು. ಬಂದೆ. ಹೀಗೆ ನಾಲ್ಕು ಸಲ ಆಯಿತು, ವಧು ಪರೀಕ್ಷೆಯಲ್ಲೂ ನನ್ನನ್ನು ಅಷ್ಟು ಓಡಾಡಿಸಿರಲಿಲ್ಲ. ಅವರು ಟೇಪು ಹಿಡಿದು ಹೊಸ್ತಿಲಿನ ಅಗಲ ಅಳೆದರು, ಒಂದು ಗೇಣು ಚಿಲ್ಲರೆ. ಯಾರು ಬೇಕಾದರೂ ದಾಟಬಹುದು.

ಹೊರಡುವ ಹಿಂದಿನ ಶನಿವಾರ

ಕಮಿಟಿಯ ಕಾಗದ ಬಂತು. ಡಾರತಿ ಅದನ್ನು ನನಗೆ ಎರಡು ಸಲ ಓದಿ ಹೇಳಿದರು. ಗಾಜು ಇಲ್ಲ. ಬಾಗಿಲು ತೆರೆದಿರುತ್ತದೆ, ಬೀಗದ ಕೈ ಡಾರತಿಯ ಬಳಿಯೇ ಇರುತ್ತದೆ. ಆದರೆ ಇನ್ನು ಮುಂದೆ ಹೊಸ್ತಿಲನ್ನು ಯಾರೂ ಮೆಟ್ಟುವಂತಿಲ್ಲ, ದಾಟಬೇಕು. ಒಂದು ವರ್ಷ ನೋಡಿ, ಇನ್ನೂ ಸವೆಯುತ್ತಿದ್ದರೆ ಮತ್ತೆ ಯೋಚನೆ. ಕಲ್ಲಿಗೆ ಯಾವ ಬಗೆಯ ಪುಡಿಯನ್ನೂ ಹಚ್ಚಕೂಡದು ಎಂದು ಕೊನೆಯಲ್ಲಿ ಒಂದು ಸಾಲು. ಹೆಸರು ಬರೆದಿರಲಿಲ್ಲ, ಅದು ಅವರ ದೊಡ್ಡತನ.

ಆ ದಿನ ನಾನೇ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ದಾಟುವುದನ್ನು ಹೇಳಿಕೊಟ್ಟೆ. ಶೈಲಾಳ ತರಗತಿಯ ಮಕ್ಕಳು ಸಾಲಾಗಿ ಬಂದು ಜಿಗಿದು ಹೋದರು, ಅವರಿಗೆ ಮನೆಯಲ್ಲಿ ಮೊಟಕಿಸಿಕೊಂಡ ಅಭ್ಯಾಸ. ಅಲ್ಲಿನ ದೊಡ್ಡವರು ಮೊದಲು ಕೆಳಗೆ ನೋಡಿ, ನಿಂತು, ನೀರಿನ ಕಾಲುವೆ ದಾಟುವವರಂತೆ ಕಾಲೆತ್ತಿದರು. ದಾಟಿದ ಮೇಲೆ ಏನೋ ಸಾಧಿಸಿದವರಂತೆ ನನ್ನ ಕಡೆ ನೋಡಿ ನಕ್ಕರು. ಒಬ್ಬ ಹೆಂಗಸು ನಾಯಿಗೂ ಹೇಳಿದಳು. ನಾಯಿ ದಾಟಿತು.

ಎಲ್ಲರೂ ಹೋದ ಮೇಲೆ ಡಾರತಿ ಮೇಣದಬತ್ತಿ ಆರಿಸಿ ಹೊರಗೆ ಬಂದರು. ಬಂದವರು, ಅರವತ್ತು ವರ್ಷದ ಅಭ್ಯಾಸ ನೋಡಿ, ಸರಿಯಾಗಿ ಗುಳಿಯ ನಡುವೆಯೇ ಹೆಜ್ಜೆಯಿಟ್ಟರು. ಇಷ್ಟು ಒಳ್ಳೆಯ ಅವಕಾಶವನ್ನು ನಾನು ಬಿಡುವವಳೇ?

"ಊರಿಗೆಲ್ಲ ದಾಟೋಕೆ ಹೇಳ್ಬಿಟ್ಟು ನೀವೇ ಮೆಟ್ಟಿದ್ರಲ್ಲ ಡಾರತಿ. ಕಮಿಟಿಗೆ ಹೇಳ್ಲಾ?"

ಡಾರತಿ ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು, ನಿಧಾನವಾಗಿ ಮೊಣಕಾಲು ನೀವಿಕೊಂಡರು.

"ಹೇಳು ಹೋಗು. ಕೊನೇ ಸಲ ಇದನ್ನ ದಾಟೋವಾಗ ಆರು ಜನ ಹೊತ್ಕೊಂಡಿರ್ತಾರೆ ಸರೋಜಾ, ಆವಾಗ ಒಂದು ಬೆರಳೂ ತಾಗ್ಸಲ್ಲ."